ಕಳಕವ್ವನ ಮಗ್ಗದ ಗೋಡೆಯ ಪ್ಲಗ್ಗು

ಲ್ಯಾಪ್‌ಟಾಪ್ ಚಾರ್ಜರಿನ ನಡುವೆ ಒಂದು ಕರಿ ಡಬ್ಬಿ ಇರುತ್ತದಲ್ಲ, ಅದರೊಳಗೆ ಕರೆಂಟು ತುಂಬಿಕೊಳ್ಳುತ್ತದೆ ಎಂದು ಹಾಲೇಶ ನಂಬಿದ್ದ. ನಳದ ಕೆಳಗೆ ಕೊಡ ಇಟ್ಟ ಹಾಗೆ, ಬೆಳಿಗ್ಗೆ ಗೋಡೆಗೆ ಸಿಕ್ಕಿಸಿ ಹೋದರೆ ಸಂಜೆಗೆ ಡಬ್ಬಿ ತುಂಬಿರುತ್ತದೆ, ಆಮೇಲೆ ಲ್ಯಾಪ್‌ಟಾಪಿಗೆ ಸುರುವಿದರಾಯಿತು ಎಂಬುದು ಅವನ ಲೆಕ್ಕ. ಮುಟ್ಟಿದರೆ ಡಬ್ಬಿ ಬೆಚ್ಚಗಿರುತ್ತಿತ್ತು; ತುಂಬುತ್ತಿದೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಇಂಥ ಮಹಾಶಯ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ಅಂಗಡಿಯಲ್ಲಿ ಪಗಾರಕ್ಕಿದ್ದ. ದಿನವಿಡೀ ಚಾರ್ಜರ್ ಮಾರುವುದೇ ಕೆಲಸ. ಗಿರಾಕಿ ಏನು ಕೇಳಿದರೂ "ಭಾಳ ಹಿಡಿತೈತ್ರಿ ಇದು" ಎಂದುಬಿಡುತ್ತಿದ್ದ.

ಅವನ ಸ್ವಂತ ಊರು ಸವಡಿ. ಗಜೇಂದ್ರಗಡದಲ್ಲಿ ಬಾಡಿಗೆಗೆ ಹಿಡಿದದ್ದು ಕಳಕವ್ವನ ಮನೆಯ ಮುಂದಿನ ಖೋಲಿ.

ಕಳಕವ್ವ ಸೀರೆ ನೇಯುವವಳು. ಇಟಗಿಯಿಂದ ಸೊಸೆಯಾಗಿ ಬಂದ ವಾರದಲ್ಲೇ ಅತ್ತೆ ಅವಳನ್ನು ಕುಣಿಮಗ್ಗಕ್ಕೆ ಇಳಿಸಿದ್ದಳು. ಅತ್ತೆ ಹೋದಳು, ಗಂಡ ಹೋದ, ಕಳಕವ್ವ ಆ ಕುಣಿ ಬಿಟ್ಟು ಮೇಲೆ ಬರಲಿಲ್ಲ. ಕಾಲು ಕುಣಿಯಲ್ಲಿ, ಕೈ ಲಾಳಿಯ ಮೇಲೆ, ಬಾಯಿ ಓಣಿಯ ಮೇಲೆ. ಕಾಯಿಪಲ್ಯೆ ಮಾರುವವಳು ಆ ಬಾಗಿಲಿಗೆ ಬಂದಾಗ ಕೂಗು ನಿಲ್ಲಿಸಿ, ಮುಂದಿನ ಮನೆಯಿಂದ ಮತ್ತೆ ಶುರು ಮಾಡುತ್ತಿದ್ದಳು.

ಇಡೀ ಮನೆಗೆ ಪ್ಲಗ್ ಬೋರ್ಡು ಒಂದೇ. ಅದೂ ಮಗ್ಗದ ಗೋಡೆಗೆ. ಅದರ ಕೆಳಗೇ ಸೀರೆಯ ಹಾಸಿನ ಎಳೆಗಳು ಬಿಗಿದು ನಿಂತಿದ್ದವು. ಕಳಕವ್ವನ ಮುಂದಿನ ತಿಂಗಳುಗಳ ಊಟವೆಲ್ಲ ಆ ಎಳೆಗಳಲ್ಲಿತ್ತು. ಮೇಲಿಂದ ಒಂದು ಕಿಡಿ ಬಿದ್ದರೆ ಮುಗಿಯಿತು.

"ಏ ಹಾಲ್ಯಾ, ಇದನ್ಯಾಕ ಸುಮ್ನ ಚುಚ್ಚಿ ಹೋಗ್ತೀ? ಸುಡಾಕತ್ತೈತಿ ನೋಡಿಲ್ಲಿ!"

"ತುಂಬಾಕತ್ತೈತ್ರಿ ಅವ್ವಾರ."

"ಏನು ತುಂಬತೈತಿ? ನಿನ್ನ ತಲಿ ಖಾಲಿ ಐತಿ, ಮೊದಲ ಅದನ್ನ ತುಂಬು."

ಹಾಲೇಶ ಇದನ್ನು ಅಂಗಡಿ ಮಾಲಕ ಮುಜಫ್ಫರನ ಮುಂದೆ ದೂರಿಕೊಂಡ. ಮುಜಫ್ಫರನಿಗೆ ನಗು ಬಂದು ಚಹಾ ಮೂಗಿಗೇರಿತು. "ಡಬ್ಬಿಯೊಳಗ ಏನೂ ತುಂಬಂಗಿಲ್ಲೋ ಮಾರಾಯಾ. ಗಿರಾಕಿ ಮುಂದ ಹೇಳಬ್ಯಾಡ, ಅಂಗಡಿ ಮುಚ್ಚಬೇಕಾದೀತು."

ಬುದ್ಧಿ ಬಂತು, ಆದರೆ ಹಟ ಹೋಗಲಿಲ್ಲ. ಮುದುಕಿಗೆ ಸೋಲಬಾರದು ಎಂದು ಹಾಲೇಶ ದಿನವೂ ಸಿಕ್ಕಿಸಿಯೇ ಹೋದ. ಕಳಕವ್ವ ಕುಣಿಯಿಂದ ಏಳದೆ, ಕುಳಿತಲ್ಲಿಂದಲೇ ಕೈ ಚಾಚಿ, ಮೊಂಡ ಕರುವಿನ ಹಗ್ಗ ಎಳೆದಂತೆ ವೈರು ಹಿಡಿದು ಜಗ್ಗಿ ಕಿತ್ತಳು. ಅವನು ಸಿಕ್ಕಿಸುವುದು, ಇವಳು ಜಗ್ಗುವುದು. ಕೊನೆಗೆ ಪ್ಲಗ್ಗಿನ ಕುತ್ತಿಗೆಯಲ್ಲಿ ರಬ್ಬರು ಸೀಳಿ ತಾಮ್ರ ಇಣುಕಿತು. ಹಾಲೇಶ ಅದಕ್ಕೆ ಅಂಗಡಿಯ ದರದ ಚೀಟಿ ಅಂಟಿಸಿದ. ರಿಪೇರಿ ಆಯಿತು ಅಂದುಕೊಂಡ.

ಮಹಾನವಮಿ ಬಂತು. ಆ ದಿನ ಖಂಡೆ ಪೂಜೆ, ಆಯುಧಗಳ ಪೂಜೆ. ಹೊಟ್ಟೆಗೆ ಅನ್ನ ಹಾಕುವ ಸಲಕರಣೆಗೆಲ್ಲ ಕುಂಕುಮ ಹೂವು. ಪೂಜೆಯಾದದ್ದನ್ನು ಮರುದಿನದವರೆಗೆ ಯಾರೂ ಎತ್ತುವಂತಿಲ್ಲ. ಕಳಕವ್ವ ಮಗ್ಗ ಒರೆಸಿ, ವಿಭೂತಿ ಬಳಿದು, ಲಾಳಿಗೆ ಚೆಂಡುಹೂವು ಏರಿಸುತ್ತಿದ್ದಾಗ ಹಾಲೇಶನಿಗೆ ಒಂದು ಕುಟಿಲ ವಿಚಾರ ಹೊಳೆಯಿತು. ಚಾರ್ಜರಿಗೂ ಪೂಜೆಯಾಗಿಬಿಟ್ಟರೆ, ಅದನ್ನು ಕೀಳುವ ಧೈರ್ಯ ಈಕೆಗೆಲ್ಲಿಂದ ಬಂದೀತು?

"ಇದೂ ನನ್ನ ಹೊಟ್ಟಿಪಾಡರಿ ಅವ್ವಾರ" ಎಂದವನೇ, ಗೋಡೆಯಲ್ಲಿದ್ದ ಪ್ಲಗ್ಗಿಗೆ ಕುಂಕುಮ ಹಚ್ಚಿ, ಹೂವು ಸಿಕ್ಕಿಸಿ, ತಂಬಿಗೆಯ ನೀರನ್ನು ಭಕ್ತಿಯಿಂದ ಚಿಮುಕಿಸಿದ. ಸ್ವಿಚ್ಚು ಹಾಕಿಯೇ ಇತ್ತು.

ಚಟ್ಟೆಂದಿತು. ನೀಲಿ ಕಿಡಿ, ಸುಟ್ಟ ರಬ್ಬರಿನ ವಾಸನೆ. ಹೊಗೆಯಾಡುವ ಹೂವು ನೇರ ಹಾಸಿನ ಮೇಲೆ ಬಿತ್ತು. ಹಾಲೇಶ ಹಸಿ ಕೈಯಲ್ಲೇ ವೈರಿಗೆ ಕೈ ಹಾಕಿದ. ಅಷ್ಟರಲ್ಲಿ ಅವನ ಮುಂಗೈಗೆ ಲಾಳಿ ಬಂದು ಬಡಿಯಿತು. ಪೂಜೆಗಿಟ್ಟ ಲಾಳಿ!

"ಮುಟ್ಟಬ್ಯಾಡಲೇ ಭಾಡ್ಯಾ, ಕೈ ಹಸಿ ಐತಿ!"

ಕಳಕವ್ವ ಹೂವನ್ನು ಅಂಗೈಯಿಂದ ಬಡಿದು ಆರಿಸಿ, ಬಾಗಿಲ ಬಳಿ ಓಡಿ ಮೇನ್ ಸ್ವಿಚ್ಚು ಇಳಿಸಿದಳು. ಫ್ಯಾನು ನಿಂತಿತು. ಪೂಜೆಯ ಮಗ್ಗದ ಮುಂದೆಯೇ ರಬ್ಬರ್ ಚಪ್ಪಲಿ ಮೆಟ್ಟಿ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಪ್ಲಗ್ಗಿನ ತಲೆ ಹಿಡಿದು ಕಿತ್ತು ಅಂಗಳಕ್ಕೆ ಒಗೆದಳು. ಅಂಚಿನ ಒಂದೆರಡು ಎಳೆ ಕರಕಾಗಿದ್ದವು, ಅಷ್ಟೆ.

"ನೀರು ಸುರದು ಮನಿ ಸುಡಾಂವ ಇದ್ದಿ."

"ವೈರ್ ಜಗ್ಗಿ ಜಗ್ಗಿ ಹರದವರು ಯಾರ್ರಿ?"

"ಹರದಿದ್ದನ್ನ ಚುಚ್ಚಿದಾಂವ ಯಾರು?"

ಈ ಜಗಳ ಮರುದಿನ ದಸರೆಯ ಬನ್ನಿ ಕೊಡುವ ಹೊತ್ತಿಗೂ ಮುಗಿಯಲಿಲ್ಲ. ಬಂಗಾರದಂಗಿರೋಣು ಅನ್ನಬೇಕಾದಲ್ಲಿ ಕಳಕವ್ವ ಬನ್ನಿಯ ಎಲೆಯನ್ನು ಅವನ ಕೈಗೆ ತುರುಕಿ ಮುಖ ತಿರುವಿದಳು.

ಹಾಲೇಶ ಹೊಸ ಚಾರ್ಜರ್ ತಂದ. ಕಾನೂನೂ ಹೊಸದಾಯಿತು. ಲ್ಯಾಪ್‌ಟಾಪ್ ಹಚ್ಚುವುದಿದ್ದರೆ ಮಾತ್ರ ಪ್ಲಗ್ಗು. ಕೆಲಸ ಮುಗಿದ ಕೂಡಲೇ ಕಿತ್ತು ಖೋಲಿಗೆ ಒಯ್ಯಬೇಕು. ಕೀಳುವಾಗ ಕುಣಿಯಿಂದ ಪೊಲೀಸ್ ವಿಚಾರಣೆ.

"ಸ್ವಿಚ್ಚು?"

"ಆರಿಸೀನ್ರಿ."

"ಕೈ ಒಣಗೈತೇನು?"

"ಒಣಗೈತ್ರಿ."

"ತಲಿ ಹಿಡಿ. ಬಾಲ ಜಗ್ಗಬ್ಯಾಡ."

"ಬಾಲ ಜಗ್ಗತಿದ್ದವರು ನೀವರಿ."

"ಬಾಯಿ ಮುಚ್ಚು."

ಮುಂಗೈಯ ಬಾವು ಇಳಿದರೂ ಹಾಲೇಶನ ತಲೆಯಲ್ಲಿ ಒಂದು ಹೆಮ್ಮೆ ಉಳಿದಿತ್ತು. ಪೂಜೆಯ ಲಾಳಿಯನ್ನೇ ಎಸೆದಳೆಂದರೆ, ಒಳಗೊಳಗೇ ಈಕೆಗೆ ತನ್ನ ಮೇಲೆ ಒಂಚೂರು ಕರುಳು ಇದೆ. ಒಂದು ಮುಂಜಾನೆ ವೈರು ಸುತ್ತುತ್ತ, ತಡೆಯಲಾರದೆ ಕೇಳಿಯೇಬಿಟ್ಟ.

"ಅವ್ವಾರ, ಖರೇ ಹೇಳ್ರಿ. ಅವತ್ತು ಬೆಂಕಿ ಹತ್ತಿ, ನಾನೂ ಮಗ್ಗಾನೂ ಕೂಡೇ ಸುಡಾಕತ್ತಿದ್ರ, ಮೊದಲ ಯಾರನ್ನ ಉಳಸ್ತಿದ್ರಿ?"

ಕಳಕವ್ವ ಲಾಳಿ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಮಗ್ಗ. ನಿನಗ ಓಡಾಕ ಕಾಲು ಅದಾವ."