ಹಳ್ಳದ ಆಚೆ ದಂಡೆಯ ದನಿ

ದೆವ್ವ, ಗಾಳಿ ಎಂದು ಯಾರಾದರೂ ಶುರುಮಾಡಿದರೆ ಎದ್ದು ಚಹಾ ಕುಡಿಯಲು ಹೋಗುವವ ನಾನು. ಈಗಲೂ ಹಾಗೇ. ಆದರೆ ಈ ಒಂದು ಸಂಗತಿಗೆ ನನ್ನ ಹತ್ತಿರ ಜವಾಬಿಲ್ಲ. ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ, ನಂಬುವುದು ನಿಮಗೆ ಬಿಟ್ಟದ್ದು.

ನಮ್ಮದು ಮೊರಬ, ಹೆಂಡತಿ ಶಾಂತಾಳ ತವರು ಕುಬಿಹಾಳ. ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಒಬ್ಬರು ಅಡುಗೆಯನ್ನು ಭೂಮಿಗೆ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಬೇಕು, ಹಿಂದಿನವರು ನೀರು ಚಿಮುಕಿಸುತ್ತ "ಚಳ್ಳಂಬ್ರಿಗೋ" ಎನ್ನಬೇಕು. ತವರಿನಲ್ಲಿ ಶಾಂತಾಗೆ ಹಾಗೆ ಓಗೊಡುತ್ತಿದ್ದವರು ಅವಳ ಅವ್ವ. ಅತ್ತೆಯ ದನಿ ಕೊನೆಗೆ ಒಡೆದು ಮೇಲಕ್ಕೇರುತ್ತಿತ್ತು, ಬಾಜು ಹೊಲದವರೂ ನಗುತ್ತಿದ್ದರು.

ಅತ್ತೆ ತೀರಿಕೊಂಡ ಮೇಲೆ ಆ ದನಿ ಶಾಂತಾಳಿಗೆ ಅಡುಗೆಮನೆಯಲ್ಲಿ ಕೇಳತೊಡಗಿತು. "ಕುಕ್ಕರ್ ಸೀಟಿ ಬೇ ಅದು" ಎಂದು ಚ್ಯಾಷ್ಟಿ ಮಾಡಿದೆ. ಡಾಕ್ಟರು ಗುಳಿಗೆ ಕೊಟ್ಟರು. ಕಡೆಗೆ ಅವಳೇ ಹೆದರಿದಳು. "ನನಗ ಹುಚ್ಚ ಹಿಡಿಯಾಕತ್ತೈತೇನ್ರಿ?" ಎಂದು ಕೇಳುತ್ತ ಊಟವನ್ನೇ ಬಿಟ್ಟಳು.

ಆ ವರ್ಷ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬರಲು ಒಲ್ಲೆ ಎಂದಳು. ಹೊಲ ಬೇಡ, ಸುಮ್ಮನೆ ತಿರುಗಾಡಿ ಬರೋಣ ಎಂದು ಹೇಗೋ ಒಪ್ಪಿಸಿ, ಬುತ್ತಿ ಕಟ್ಟಿಸಿ, ಜೀಪಿನಲ್ಲಿ ಕಲಘಟಗಿ ಕಡೆಯ ಕಾಡಿಗೆ ಕರೆದೊಯ್ದೆ. ಹಳ್ಳದ ದಂಡೆಗುಂಟ ಕಚ್ಚಾ ದಾರಿ. ಎರೆಮಣ್ಣಿನಲ್ಲಿ ಹೂತ ಟ್ರ್ಯಾಕ್ಟರ್ ಎಬ್ಬಿಸಿದವನಿಗೆ ಅದೆಂಥ ದಾರಿ! ಸೆಕೆಂಡ್ ಗೇರಿನಲ್ಲಿ ಆರಾಮಾಗಿ ಸಾಗಿದೆವು. ತೇಗದ ಎಲೆಗಳ ಸಂದಿಯಿಂದ ಬಿಸಿಲು, ಗಾಲಿ ತೊಯ್ಯುವಷ್ಟೇ ನೀರು. ಹಳ್ಳ ದಾಟುವಾಗ ಶಾಂತಾ ಕೈ ಹೊರಚಾಚಿ ನಕ್ಕಳು. ನನಗೆಷ್ಟು ಸಮಾಧಾನವಾಯಿತೋ!

ಮಧ್ಯಾಹ್ನ ನೀರಿನ ಬಾಜು ಬುತ್ತಿ ಬಿಚ್ಚಿದೆವು. ಶಾಂತಾ ರೂಢಿಯಂತೆ ಒಂದು ತುತ್ತು ಚೆಲ್ಲಿ "ಹುಲ್ಲುಲ್ಲಿಗೋ" ಎಂದುಬಿಟ್ಟಳು. ಕೂಡಲೇ ಬಾಯಿ ಮುಚ್ಚಿಕೊಂಡಳು. ನಾನು ಓಗೊಡಬೇಕೆನ್ನುವಷ್ಟರಲ್ಲಿ ಆಚೆ ದಂಡೆಯಿಂದ "ಚಳ್ಳಂಬ್ರಿಗೋ" ಎಂದು ಕೇಳಿತು. ಕೊನೆಗೆ ಒಡೆದು ಮೇಲಕ್ಕೇರಿದ ದನಿ.

ನೀರಿಗಿಳಿದು ಆಚೆ ಓಡಿದೆ. ಹಸಿ ಮರಳಿನಲ್ಲಿ ಒಂದೂ ಹೆಜ್ಜೆ ಗುರುತಿಲ್ಲ. ಕೂಗಿ ಕರೆದೆ, ಯಾರೂ ಮಾತಾಡಲಿಲ್ಲ. ಪ್ರತಿಧ್ವನಿ ಎನ್ನುತ್ತೀರಾ? ಪ್ರತಿಧ್ವನಿ ಅಂದದ್ದನ್ನೇ ಅನ್ನುತ್ತದೆ, ಜವಾಬು ಕೊಡುವುದಿಲ್ಲ. ನನ್ನ ಕಿವಿ ನೆಟ್ಟಗಿದೆ, ತಲೆಯೂ ನೆಟ್ಟಗಿದೆ. ಆದರೂ ಅದೇನೆಂದು ಇಂದಿಗೂ ತಿಳಿದಿಲ್ಲ.

ತಿರುಗಿ ಬಂದಾಗ ಶಾಂತಾ ಬಿಳಿಚಿಕೊಂಡು ಕೂತಿದ್ದಳು.

"ನಿಮಗೂ ಕೇಳಿಸ್ತೇನ್ರಿ?"

"ಕೇಳಿಸ್ತು" ಎಂದೆ. "ಅಗದಿ ನಿಮ್ಮವ್ವನ ದನಿ."

ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ರೊಟ್ಟಿ ಮುರಿದಳು.

"ಹಂಗಾರ ನನಗೊಬ್ಬಾಕಿಗೆ ಹುಚ್ಚಿಲ್ಲ. ಇದ್ರ ಇಬ್ರಿಗೂ ಐತಿ. ಉಣ್ರಿ."