ಎತ್ತದ ಕಾಲು

ನಾನು ರಾಜ್ಯ ಕಬಡ್ಡಿ ತಂಡದ ನಾಯಕನಾಗಿದ್ದವನು. ಸುಳ್ಳು ಕಣ್ರೀ, ಆಡಿದ್ದು ಓಣಿಯಲ್ಲಿ ಮಾತ್ರ. ಆದರೆ ಶಿಕಾರಿಪುರದ ಹುಡುಗಿಯರಿಗೆ ಕೋಚ್ ಸಿಗದಿದ್ದಾಗ ಇದೇ ಸುಳ್ಳು ಹೇಳಿ ಸೀಟಿ ಹಿಡಿದೆ.

ಬೋನಸ್ ಗೆರೆ ದಾಟುವಾಗ ಹಿಂದಿನ ಕಾಲು ನೆಲ ಬಿಟ್ಟಿರಬೇಕು, ಇಲ್ಲದಿದ್ದರೆ ಅಂಕವಿಲ್ಲ. ಇದನ್ನೇ ಅರ್ಧ ಗಂಟೆ ಕೊರೆದೆ. ರೇಡರ್ ರೇಣುಕಾ ಆಕಳಿಸಿದಳು.

"ಮಾತು ಸಾಕ್ರೀ ಸರ್, ಮಾಡಿ ತೋರಸ್ರಿ."

ತೋರಿಸಿದೆ. ಚಪ್ಪಾಳೆಯೂ ಬಿತ್ತು.

ಸೊರಬದಲ್ಲಿ ಪಂದ್ಯ. ಗೆದ್ದವರು ಜಿಲ್ಲಾ ಮಟ್ಟಕ್ಕೆ. ಕೊನೆಯ ರೇಡಿನಲ್ಲಿ ಒಂದೇ ಅಂಕ ಬೇಕಿತ್ತು. ರೇಣುಕಾ ಬೋನಸ್ ಗೆರೆ ದಾಟಿದಳು, ಹಿಂದಿನ ಕಾಲನ್ನು ನೆಲಕ್ಕೆ ಊರಿಕೊಂಡೇ. ಅಂಪೈರ್ ಅಂಕ ಕೊಡಲಿಲ್ಲ. ಸೋತೆವು.

"ಕಾಲು ಎತ್ತು ಅಂತ ಬಡ್ಕೊಂಡೆನಲ್ಲೇ!" ಎಂದು ಎಲ್ಲರೆದುರು ರೇಗಿದೆ.

ಅವಳು ಕಣ್ಣೊರೆಸಿಕೊಂಡಳು. "ಹೇಳಿದ್ದು ನಂಗೆ ತಲೆಗೆ ಹೋಗಲ್ರೀ ಸರ್, ನೋಡೇ ಕಲಿಯೋದು. ನೀವು ತೋರಿಸಿದಾಗ ನಿಮ್ಮ ಕಾಲು ಎದ್ದೇ ಇರ್ಲಿಲ್ಲ."

ನಿಜ. ಈ ಹೊಟ್ಟೆ ಹೊತ್ತು ಒಂಟಿ ಕಾಲಲ್ಲಿ ನಿಲ್ಲೋದು ನನ್ನಿಂದಾಗುತ್ತಾ? ಸುಳ್ಳು ಹೇಳೋದು ಬಾಯಿಗೆ ಅಭ್ಯಾಸ, ಕಾಲಿಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಊರು ಬರುವವರೆಗೂ ಕಿಟಕಿ ಕಡೆಗೇ ಮುಖ ಹಾಕಿ ಕೂತೆ.

ಅಯ್ಯೋ, ಈ ಹೋಟೆಲಿಗೆ ಬರ್ತಿರೋದು ಅವಳೇ! ಚಹಾದ ದುಡ್ಡು ನೀವೇ ಕೊಟ್ಟುಬಿಡಿ ಮಾರಾಯ್ರೇ, ನಾನು ಹಿಂದಿನ ಬಾಗಿಲಿಂದ ಹೊರಟೆ.