ಲಿಲ್ಲಿ ಮನೆ ಕಮಲಮ್ಮ

ಹೆಬ್ಬಗೋಡಿಯ ಹಿಂಭಾಗದ ಆ ಲೇಔಟಿನಲ್ಲಿ ಕಮಲಮ್ಮನ ಮನೆಗೆ ದಾರಿ ಕೇಳಿದರೆ ಯಾರೂ ನಂಬರು ಹೇಳುತ್ತಿರಲಿಲ್ಲ. ಲಿಲ್ಲಿ ಮನೆ ಅಂದರೆ ಹಾಲಿನವನಿಗೂ ಗೊತ್ತು, ಗ್ಯಾಸ್ ಸಿಲಿಂಡರಿನವನಿಗೂ ಗೊತ್ತು. ಗೇಟಿನಿಂದ ಬಾಗಿಲವರೆಗೆ ಎರಡೂ ಬದಿಗೆ ಮಣ್ಣಿನ ಕುಂಡಗಳು, ಕುಂಡಗಳ ತುಂಬ ಈರುಳ್ಳಿಯಂಥ ಲಿಲ್ಲಿ ಗೆಡ್ಡೆಗಳು. ವರ್ಷದಲ್ಲಿ ಬಹಳ ಕಾಲ ಅವು ಬರೀ ಎಲೆ. ಚಳಿಗಾಲದಲ್ಲಿ ಅದೂ ಇಲ್ಲ. ಯುಗಾದಿ ಹತ್ತಿರ ಬಂದಾಗ ಮಾತ್ರ ಒಣಗಿದ ಮಣ್ಣಿನಿಂದ ದಪ್ಪ ದಂಟು ಎದ್ದು, ತುದಿಯಲ್ಲಿ ಅಂಗೈಯಗಲದ ಹೂವು ಬಿಡುತ್ತಿದ್ದವು. ಕೆಂಪು, ಕೇಸರಿ, ಬಿಳಿಯ ಮೇಲೆ ಕೆಂಪು ಗೀರು. ಆ ಹದಿನೈದು ದಿನ ಲೇಔಟಿನ ಹೆಂಗಸರು ಸಂಜೆ ಹೊತ್ತು ಗುಂಪಾಗಿ ಬಂದು ನೋಡಿ, ಫೋಟೊ ತೆಗೆದುಕೊಂಡು, ಕಮಲಮ್ಮ ಮಾಡಿದ ಪಾನಕ ಕುಡಿದು ಹೋಗುತ್ತಿದ್ದರು.

ಕಮಲಮ್ಮ ಹರಿಹರದ ಕಡೆಯವರು. ಗಂಡ ಕೊಟ್ರೇಶ್ ಜಿಗಣಿಯ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ಮಗಳು ಸ್ಫೂರ್ತಿ ಮದುವೆಯಾಗಿ ಹುಬ್ಬಳ್ಳಿ ಸೇರಿದ ಮೇಲೆ ಕಮಲಮ್ಮನ ಬೆಳಗೂ ಬೈಗೂ ಆ ಕುಂಡಗಳ ಸುತ್ತಲೇ. ಸ್ವಭಾವದಲ್ಲಿ ಕೆಟ್ಟವರಲ್ಲ. ಯಾರ ಮನೆಯಲ್ಲಿ ಜ್ವರ ಬಂದರೂ ಗಂಜಿ ಮಾಡಿ ಕಳಿಸುವವರು. ಆದರೆ ಲಿಲ್ಲಿ ಗೆಡ್ಡೆಯನ್ನು ಮಾತ್ರ ಯಾರಿಗೂ ಕೊಟ್ಟವರಲ್ಲ. ಕೇಳಿದರೆ, "ಇನ್ನೂ ಮರಿ ಹಾಕಿಲ್ರಿ, ಮುಂದಿನ ವರ್ಷ ನೋಡೋಣ" ಅನ್ನುತ್ತಿದ್ದರು.

ಎದುರು ಮನೆ ಅಂಜನಮ್ಮನದು. ಅವರು ಆ ಊರಿನವರೇ. ಲೇಔಟ್ ಆಗುವ ಮೊದಲು ಅಲ್ಲೆಲ್ಲ ರಾಗಿ ಹೊಲವಿತ್ತು, ಒಂದಷ್ಟು ಅವರ ಮಾವನದೇ. ಈಗ ಹಿಂದುಗಡೆ ಕಟ್ಟಿಸಿದ ಸಣ್ಣ ಮನೆಗಳಲ್ಲಿ ಕಂಪನಿ ಕೆಲಸದವರು ಬಾಡಿಗೆಗೆ ಇದ್ದರು. ಗಂಡ ಲಕ್ಷ್ಮಣಪ್ಪ ಶಾಲೆಯ ವ್ಯಾನು ಓಡಿಸುತ್ತಿದ್ದರು. ಅಂಜನಮ್ಮನ ಗಿಡಗಳಿಗೆ ಕುಂಡ ಅಂತ ಏನೂ ಇರಲಿಲ್ಲ. ಪೇಂಟಿನ ಡಬ್ಬ, ಒಡೆದ ಬಕೆಟ್ಟು, ಎಣ್ಣೆ ಟಿನ್ನು, ಏನು ಸಿಕ್ಕಿದರೆ ಅದು. ಆದರೆ ಅವರು ಕಡ್ಡಿ ಚುಚ್ಚಿದರೂ ಚಿಗುರುತ್ತಿತ್ತು. ಕೈಗುಣ ಅಂದರೆ ಅಂಜನಮ್ಮನದು ಎಂದು ಸುತ್ತಲಿನವರೆಲ್ಲ ಹೇಳುತ್ತಿದ್ದರು. ಯಾರ ಮನೆ ಗೃಹಪ್ರವೇಶವಾದರೂ ಅಂಗಳದಲ್ಲಿ ಮೊದಲ ಸಸಿ ನೆಡಲು ಅವರನ್ನೇ ಕರೆಯುತ್ತಿದ್ದರು. ಕಮಲಮ್ಮನ ಹಿತ್ತಲಿನ ಕರಿಬೇವು, ಪಾತ್ರೆ ತೊಳೆಯುವ ಕಡೆಯ ಕೆಸುವು, ಬಾಗಿಲ ಬಳಿಯ ದಾಸವಾಳ, ಎಲ್ಲ ಅಂಜನಮ್ಮ ತಾವಾಗಿ ತಂದುಕೊಟ್ಟವು.

ಒಂದು ವರ್ಷ ಚೈತ್ರದಲ್ಲಿ ಹೀಗಾಯಿತು. ಲಿಲ್ಲಿ ನೋಡಲು ಬಂದ ಹೆಂಗಸರು ಪಾನಕ ಕುಡಿದು, ಎದುರು ಮನೆಯ ಗೇಟಿನ ಮೇಲೆ ಹಬ್ಬಿದ ರಂಗೂನ್ ಬಳ್ಳಿ ಗೊಂಚಲು ಗೊಂಚಲಾಗಿ ತೂಗುವುದನ್ನು ಕಂಡು ಅತ್ತ ನಡೆದರು. ದುಂಡುಮಲ್ಲಿಗೆ ಮೊಗ್ಗು ಬಿರಿಯುವ ಹೊತ್ತು. ಅಂಜನಮ್ಮ ಒಬ್ಬೊಬ್ಬರಿಗೂ ಬೊಗಸೆ ಹೂವು ಬಿಡಿಸಿ ಸೆರಗಿಗೆ ಹಾಕಿದರು. ಅವರು ಅಲ್ಲಿಂದ ಹೊರಡಲು ಕತ್ತಲಾಯಿತು. ಲೇಔಟಿನ ವಾಟ್ಸಾಪ್ ಗುಂಪಿಗೆ ಆ ದಿನದ ಫೋಟೊಗಳನ್ನು ಹಾಕಿದವರು ಮೂಲೆಮನೆಯ ಪದ್ಮಾವತಿ. ಕಮಲಮ್ಮ ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡಿದರು. ಲಿಲ್ಲಿಯದು ಒಂದು, ಮಿಕ್ಕವೆಲ್ಲ ಎದುರು ಮನೆಯವು. ಅವುಗಳ ಕೆಳಗೆ ಪದ್ಮಾವತಿ ಬರೆದಿದ್ದರು: ನಮ್ಮ ಲೇಔಟಿಗೇ ಚೆಂದದ ತೋಟ, ಅಂಜನಮ್ಮನವರದು.

ಕಮಲಮ್ಮ ಫೋನನ್ನು ಮಗುಚಿ ಇಟ್ಟರು. ಅವತ್ತಿನಿಂದ ಏನೋ ಒಂದು ಒಳಗೆ ಕೂತುಬಿಟ್ಟಿತು. ಅದೇ ವರ್ಷ ದೀಪಾವಳಿ ಮುಗಿದ ಸ್ವಲ್ಪ ದಿನಕ್ಕೆ ಲಕ್ಷ್ಮಣಪ್ಪ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ಮಾತಾಡಿಸಲು ಹೋದ ಕಮಲಮ್ಮ ಅಂಜನಮ್ಮನ ಕೈ ಹಿಡಿದು ಅತ್ತರು. ಅಳುತ್ತಿರುವಾಗಲೇ ತಮ್ಮ ಕಣ್ಣು ಕಿಟಕಿಯಾಚೆ, ನೀರು ಕಾಣದೆಯೂ ಹಸಿರಾಗಿ ನಿಂತ ಮಲ್ಲಿಗೆ ಬುಡಕ್ಕೆ ಹೋಗಿದ್ದು ಅವರಿಗೆ ಆಮೇಲೆ ನೆನಪಾಯಿತು.

ಗಂಡ ಹೋದ ಮೇಲೆ ಅಂಜನಮ್ಮ ಮೊದಲ ಸಲ ರಸ್ತೆ ದಾಟಿ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಕಮಲಮ್ಮ ಗೆಡ್ಡೆಗಳನ್ನು ಕಿತ್ತು, ಮಣ್ಣು ಕೊಡವಿ, ಗೋಣಿಚೀಲದ ಮೇಲೆ ಹರಡಿಕೊಂಡು ಕೂತಿದ್ದರು.

"ಕಮಲಕ್ಕ, ಮನೇಲಿ ಸುಮ್ಕೆ ಕೂತ್ರೆ ತಲೆ ಕೆಟ್ಟೋಯ್ತದೆ. ಏನಾರ ಒಸದು ನೆಡಾನ ಅನ್ನಿಸ್ತು. ಇದ್ರಾಗೆ ಒಂದ್ ಗೆಡ್ಡೆ ಕೊಡ್ತೀರಾ?"

ಗೆಡ್ಡೆಗಳ ರಾಶಿ ಕಣ್ಣೆದುರೇ ಇತ್ತು. ಇಲ್ಲ ಅನ್ನುವಂತಿರಲಿಲ್ಲ.

"ಸಂಜಿಗೆ ಕೊಡ್ತೀನ್ರಿ. ಚೊಲೋದು ಆರಿಸಿಡ್ತೀನಿ," ಅಂದರು.

ಆರಿಸಿದ್ದು ನಿಜಕ್ಕೂ ದೊಡ್ಡದನ್ನೇ. ಮಧ್ಯಾಹ್ನ ಚಹಾಕ್ಕೆ ನೀರಿಟ್ಟಿದ್ದರು. ನೀರು ಕುದಿಯಿತು. ಕಮಲಮ್ಮ ಗೆಡ್ಡೆಯನ್ನು ಬೇರೆ ಪಾತ್ರೆಗೆ ಹಾಕಿ, ಕುದಿಯುವ ನೀರಿನಲ್ಲಿ ಅರ್ಧ ಅದರ ಮೇಲೆ ಸುರಿದು, ಉಳಿದದ್ದಕ್ಕೆ ಚಹಾಪುಡಿ ಹಾಕಿ ಒಲೆಯ ಪಕ್ಕ ನಿಂತುಕೊಂಡರು. ಅಷ್ಟರಲ್ಲಿ ಕೊಟ್ರೇಶ್ ಅಡುಗೆಮನೆಗೆ ಬಂದರು.

"ಏನದು?"

"ಹುಳ ಇತ್ತು. ತೊಳಿಯಾಕತ್ತೀನಿ."

ಅವರು ಚಹಾ ತೆಗೆದುಕೊಂಡು ಹೋದರು. ಕಮಲಮ್ಮ ಗೆಡ್ಡೆಯನ್ನು ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಆರಿಸಿದರು. ಹೊರಗೆ ನೋಡಲು ಏನೂ ವ್ಯತ್ಯಾಸ ಕಾಣಲಿಲ್ಲ. ಸಂಜೆ ಅಂಜನಮ್ಮ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು.

ಅದಾದ ಮೇಲೆ ಕೆಲವು ದಿನ ಅಂಜನಮ್ಮ ಗೇಟಿನಾಚೆಯಿಂದಲೇ ಕೇಳುತ್ತಿದ್ದರು. "ಇನ್ನೂ ಮೊಳ್ಕೆ ಕಾಣಿಸ್ತಿಲ್ವಲ್ಲ ಕಮಲಕ್ಕ?" "ನಿಧಾನ ಬರ್ತತಿ ಬಿಡ್ರಿ" ಎಂದು ಕಮಲಮ್ಮ ಅಷ್ಟೇ ಸಲೀಸಾಗಿ ಹೇಳುತ್ತಿದ್ದರು. ಶಿವರಾತ್ರಿ ಕಳೆದ ಮೇಲೆ ಅಂಜನಮ್ಮ ಕೇಳುವುದನ್ನೇ ಬಿಟ್ಟರು. ಎದುರಿಗೆ ಸಿಕ್ಕಿದರೂ ತಲೆ ತಗ್ಗಿಸಿ ಸರಿದುಹೋಗುತ್ತಿದ್ದರು. ಗೊತ್ತಾಗಿರಬೇಕು ಎಂದು ಕಮಲಮ್ಮ ಅಂಜಿದರು. ಗೊತ್ತಾಗಿದ್ದರೆ ಬಂದು ಬೈಯಬೇಕಿತ್ತು, ಬೈಯಲಿಲ್ಲ.

ಚೈತ್ರ ಬಂತು. ಆ ವರ್ಷದಂಥ ಹೂವು ಲಿಲ್ಲಿ ಮನೆಯಲ್ಲಿ ಹಿಂದೆ ಬಿಟ್ಟಿರಲಿಲ್ಲ. ಹೆಂಗಸರು ಬಂದರು, ಕುಂಡಗಳ ನಡುವೆ ನಿಂತು ಫೋಟೊ ತೆಗೆಸಿಕೊಂಡರು. ಎದುರು ಮನೆ ಕಡೆ ಯಾರೂ ಹೋಗಲಿಲ್ಲ. ಅಲ್ಲಿ ಮಲ್ಲಿಗೆಗೆ ನೀರಿಲ್ಲದೆ ಎಲೆ ಹಳದಿಯಾಗಿತ್ತು, ಬಳ್ಳಿಯ ಒಣಗಿದ ಕಡ್ಡಿಗಳನ್ನು ಯಾರೂ ತೆಗೆದಿರಲಿಲ್ಲ.

ಪದ್ಮಾವತಿ ಪಾನಕದ ಲೋಟ ಹಿಡಿದುಕೊಂಡು ಹೇಳಿದರು. "ಕಮಲಮ್ಮ, ಮುಂದಿನ ತಿಂಗಳು ಚಂದಾಪುರದಲ್ಲಿ ನಮ್ಮ ಹೊಸ ಮನೆ ಗೃಹಪ್ರವೇಶ ಇಟ್ಕೊಂಡಿದೀವಿ. ತೆಂಗಿನ ಸಸಿ ನೆಟ್ಟುಕೊಡಿ ಅಂತ ಅಂಜನಮ್ಮನ್ನ ಕೇಳ್ದೆ. ಮುತ್ತೈದೆಯರನ್ನ ಕರೀರಿ, ನನ್ನ ಕೈ ಬೇಡ ಅಂತಾರೆ. ನಾವ್ಯಾರೂ ಅದನ್ನೆಲ್ಲ ನೋಡಲ್ಲ ಕಣ್ರೀ ಅಂದ್ರೂ ಕೇಳಲ್ಲ. ಗಂಡ ಹೋದವಳ ಕೈ ಗಿಡಕ್ಕೆ ಆಗಿಬರಲ್ಲ ಅಂತ ಅವರ ನಾದಿನಿ ಯಾರೋ ಅಂದಿದ್ರಂತೆ, ಆಗ ಇವರು ನಂಬಿರಲಿಲ್ಲವಂತೆ. ಆಮೇಲೆ ನೀವು ಕೊಟ್ಟ ಗೆಡ್ಡೆ ಕೊಳೆತುಹೋಯ್ತಂತಲ್ಲ. ನನ್ನ ಕೈಲಿ ನೆಟ್ಟಿದ್ದು ಯಾವತ್ತೂ ಕೊಳೆತಿದ್ದಿಲ್ಲ, ಅವರು ಹೇಳಿದ್ದೇ ನಿಜ, ಯಜಮಾನರ ಜತೆಗೆ ನನ್ನ ಕೈಗುಣನೂ ಹೋಯ್ತು ಅಂತಾರೆ. ಈಗ ಮನೆ ಗಿಡಾನೂ ಮುಟ್ಟಲ್ವಂತೆ."

ಕಮಲಮ್ಮನ ಕೈಯಲ್ಲಿದ್ದ ಜಗ್ಗಿನಿಂದ ಪಾನಕ ಲೋಟಕ್ಕೆ ಬೀಳದೆ ಕೆಳಗೆ ಚೆಲ್ಲಿತು. ಒರೆಸುವ ನೆಪದಲ್ಲಿ ಬಗ್ಗಿದವರು ಬಹಳ ಹೊತ್ತು ಒರೆಸಿದರು. ಸುತ್ತ ಹೆಂಗಸರು, "ಈ ಗೀರಿಂದು ನೋಡ್ರೀ, ಬಣ್ಣ ಬಳಿದ ಹಾಗಿದೆ" ಎಂದು ಮೆಚ್ಚಿಕೊಳ್ಳುತ್ತಿದ್ದರು. ಒಂದೊಂದು ಮೆಚ್ಚುಗೆಯೂ ಕೆನ್ನೆಗೆ ಹೊಡೆದಂತೆ ಆಗುತ್ತಿತ್ತು.

ಮರುದಿನ ಅವರು ಒಳ್ಳೆಯ ಗೆಡ್ಡೆಯೊಂದನ್ನು, ಎರಡು ದಂಟು ಎದ್ದು ಮೊಗ್ಗು ಹಿಡಿದದ್ದನ್ನು, ಕುಂಡದ ಸಮೇತ ಎತ್ತಿಕೊಂಡು ರಸ್ತೆ ದಾಟಿದರು. ಹೇಳದೆಯೇ ಸರಿಪಡಿಸಿಬಿಡಬಹುದು ಎಂಬ ಆಸೆ. ಅಂಜನಮ್ಮ ಅವರನ್ನು ಕಂಡವರೇ ಎದ್ದು ನಿಂತರು.

"ಕಮಲಕ್ಕ, ನಿಮ್ ಮುಕ ನೋಡಾಕೆ ನಂಗೆ ನಾಚ್ಕೆ. ಯಾರ್ಗೂ ಕೊಡ್ದೇ ಇರೋ ಗೆಡ್ಡೆ ನಂಗೆ ಕೊಟ್ರಿ. ನಾನು ಅದನ್ನ ಕೊಳೆಸ್ಬುಟ್ಟೆ. ಏಳಾಕೂ ಬಾಯಿ ಬರ್ನಿಲ್ಲ, ಅದ್ಕೇ ತಪ್ಪಿಸ್ಕೊಂಡು ಓಡಾಡ್ತಿದ್ದೆ."

ತಲೆ ತಗ್ಗಿಸಿದ್ದು ಅದಕ್ಕೆ. ತಪ್ಪು ಮಾಡದವರು ನಾಚಿಕೊಂಡು ನಿಂತಿದ್ದರು. ಕಮಲಮ್ಮನಿಗೆ ಈಗಲೇ ಹೇಳಬೇಕು ಅನ್ನಿಸಿತು, ಆದರೆ ಕುಂಡವನ್ನಷ್ಟೇ ಮುಂದೆ ಚಾಚಿದರು.

"ಹೋಗ್ಲಿ ಬಿಡ್ರಿ. ಇದನ್ನ ಇಟ್ಕೊಳ್ರಿ," ಅಂದರು.

"ಬೇಡಕ್ಕ. ಜೀವ ಇರೋದು. ಇದನ್ನೂ ಕೊಲ್ಲೋದು ಯಾಕೆ. ನಿಮ್ ದೊಡ್ ಮನ್ಸು, ಅಷ್ಟೇ ಸಾಕು."

ಕಮಲಮ್ಮ ಕುಂಡವನ್ನು ಹೊತ್ತುಕೊಂಡು ವಾಪಸು ಬಂದರು. ದೊಡ್ಡ ಮನಸ್ಸು ಎಂಬ ಮಾತು ಬೆನ್ನಿಗೆ ಅಂಟಿಕೊಂಡು ಬಂತು. ಆ ದಿನ ಊಟಕ್ಕೆ ಕೂತಾಗ ಗಂಡನಿಗೆ ಅರ್ಧಂಬರ್ಧ ಹೇಳಿದರು, ಅಂಜನಮ್ಮ ಗಿಡ ಮುಟ್ಟುವುದು ಬಿಟ್ಟಿದ್ದಾರಂತೆ ಎಂದು. ಕೊಟ್ರೇಶ್ ರೊಟ್ಟಿ ಮುರಿಯುತ್ತ ಕೇಳಿದರು.

"ಅವತ್ತು ಹುಳ ತೊಳಿಯಾಕತ್ತೀನಿ ಅಂದಿದ್ದಿ ಅಲ್ಲ?"

"ಹೂಂ."

"ಇಷ್ಟು ವರ್ಷದಾಗ ನಿನ್ನ ಗೆಡ್ಡಿಗೆ ಹುಳ ಬಿದ್ದಿದ್ದು ನಾನು ನೋಡಿಲ್ಲ."

ಅವರು ಎದ್ದು ಕೈತೊಳೆದರು. ಇದನ್ನು ಇಷ್ಟು ದಿನ ಅವರೂ ಒಳಗಿಟ್ಟುಕೊಂಡೇ ಓಡಾಡಿದ್ದರು ಎಂದು ತಿಳಿದಾಗ ಕಮಲಮ್ಮ ತಟ್ಟೆ ಸರಿಸಿ ಎದ್ದರು.

ಬೆಳಗ್ಗೆ ಕಂಪನಿ ಬಸ್ಸುಗಳು ಹೋಗಿ ರಸ್ತೆ ಖಾಲಿಯಾದ ಮೇಲೆ ಅವರು ಬರಿಗೈಯಲ್ಲಿ ಹೋದರು. ಅಂಜನಮ್ಮ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು.

"ಅಂಜನಮ್ಮ, ಆ ಗೆಡ್ಡಿ ನಿಮ್ಮ ಕೈಯಾಗ ಸತ್ತಿಲ್ಲ. ಕೊಡೋಕೆ ಮೊದಲೇ ಸತ್ತಿತ್ತು."

"ಅಂಗಂದ್ರೆ?"

"ಕುದಿಯೋ ನೀರಾಗ ಹಾಕಿದ್ದೆ. ಬೇಕಂತಲೇ."

ಅಂಜನಮ್ಮನ ಕೈಯಲ್ಲಿ ಸೀರೆ ಹಾಗೇ ನಿಂತಿತು. ನೀರು ತೊಟ್ಟಿಕ್ಕುತ್ತಿತ್ತು.

"ಯಾಕೆ?"

"ಹೊಟ್ಟೆಕಿಚ್ಚು. ನಿಮ್ಮ ತೋಟ ಎಲ್ಲಾರೂ ಚೆಂದ ಅಂದ್ರು. ನನ್ನ ಹೂವನ್ನೂ ನೀವು ನನಗಿಂತ ಚೊಲೋ ಬೆಳೆಸಿಬಿಡ್ತೀರಿ ಅಂತ."

ಅಂಜನಮ್ಮ ಬಹಳ ಹೊತ್ತು ಅವರನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಗುರುತು ಸಿಗದವರನ್ನು ನೋಡುವ ಭಾವವಿತ್ತು.

"ನಮ್ ಯಜಮಾನ್ರು ಓಗಿ ಆಗಿನ್ನೂ ಮೂರ್ ತಿಂಗ್ಳು ತುಂಬಿರ್ನಿಲ್ಲ," ಅಂದರು.

"ಗೊತ್ತಿತ್ತು."

"ಗೊತ್ತಿದ್ದೂ ಮಾಡುದ್ರಿ."

"ಹೌದು."

"ರಾತ್ರಿ ಒತ್ತು ಎದ್ದು ಈ ಕೈ ನೋಡ್ಕೊಂಡು ಅತ್ತಿವ್ನಿ ಕಮಲಕ್ಕ. ಈಗ ಮನೆಗೆ ಓಗಿ."

ಕಮಲಮ್ಮ ಹೋಗದೆ ನಿಂತರು. "ಪದ್ಮಾವತಿಯವರ ಸಸಿ ನೀವೇ ನೆಡಬೇಕ್ರಿ. ನನ್ನ ಸಲುವಾಗಿ ಅಲ್ಲ."

"ಅದು ನಂಗ್ ಬುಡಿ," ಎಂದು ಅಂಜನಮ್ಮ ಸೀರೆಯನ್ನು ಕಲ್ಲಿಗೆ ಬಡಿದರು.

ಅವರು ಒಪ್ಪಿಕೊಂಡರು. ಗೃಹಪ್ರವೇಶದ ದಿನ ಚಂದಾಪುರದ ಹೊಸ ಮನೆಯ ಮುಂದೆ ಅಂಜನಮ್ಮ ತೆಂಗಿನ ಸಸಿ ಇಟ್ಟು ಮಣ್ಣು ಎಳೆದರು. ಕಮಲಮ್ಮ ಹಿಂದೆ ನಿಂತಿದ್ದರು. ಅಷ್ಟು ದಿನವಾದರೂ ಅಂಜನಮ್ಮ ವಿಷಯವನ್ನು ಯಾರಿಗೂ ಹೇಳಿರಲಿಲ್ಲ. ಅದು ಪದ್ಮಾವತಿಯ ಮಾತಿನಿಂದಲೇ ಗೊತ್ತಾಯಿತು.

"ಕಮಲಮ್ಮ, ನೀವು ಹೋಗಿ ಬಂದ ಮೇಲೇ ಅಂಜನಮ್ಮ ಒಪ್ಪಿದ್ದು. ಅದೇನು ಹೇಳಿದ್ರೋ ತಾಯಿ, ಪುಣ್ಯ ಕಟ್ಕೊಂಡ್ರಿ," ಎಂದು ಅವರು ಎಲ್ಲರೆದುರು ಕೈ ಹಿಡಿದುಕೊಂಡರು.

ಅಂಜನಮ್ಮ ನಲ್ಲಿಯ ಬಳಿ ಕೈ ತೊಳೆಯುತ್ತಿದ್ದರು. ತಿರುಗಿ ನೋಡಲಿಲ್ಲ, ನೀರು ಮಾತ್ರ ನಿಲ್ಲಿಸಿದರು. ಸುಮ್ಮನೆ ನಕ್ಕುಬಿಟ್ಟರೆ ಮುಗಿಯುತ್ತಿತ್ತು. ಕಮಲಮ್ಮನಿಗೆ ನಗಲು ಆಗಲಿಲ್ಲ.

"ಪುಣ್ಯ ಅಲ್ರಿ. ನಾನು ಗೆಡ್ಡಿನ ಕುದಿಯೋ ನೀರಾಗ ಹಾಕಿ ಕೊಟ್ಟಿದ್ದೆ. ಬೆಳೀಬಾರದು ಅಂತ. ಅದನ್ನ ಹೋಗಿ ಹೇಳಿದೆ, ಅಷ್ಟ."

ಪದ್ಮಾವತಿ ಹಿಡಿದಿದ್ದ ಕೈ ಸಡಿಲವಾಯಿತು. ಯಾರೋ, "ಊಟಕ್ಕೆ ಎಲೆ ಹಾಕಿದಾರೆ ಬನ್ನಿ" ಎಂದು ಕರೆದರು. ಹೆಂಗಸರು ಒಬ್ಬರ ಹಿಂದೊಬ್ಬರು ಒಳಗೆ ಹೋದರು. ಪಂಕ್ತಿಯಲ್ಲಿ ಬಡಿಸಲು ಶುರುವಾದರೂ ಕಮಲಮ್ಮನ ಪಕ್ಕದ ಎಲೆಗೆ ಯಾರೂ ಕೂರಲಿಲ್ಲ. ಕೊಟ್ರೇಶ್ ಗಂಡಸರ ಸಾಲಿನಿಂದ ಎದ್ದು ಬಂದು ಅಲ್ಲಿ ಕೂತರು.

ಆಮೇಲಿನ ದಿನಗಳಲ್ಲಿ ಯಾರೂ ಜಗಳವಾಡಲಿಲ್ಲ. ನೀರಿನ ಟ್ಯಾಂಕರ್ ಬಂದಾಗ ಮಾತಾಡುತ್ತಾರೆ, ಹಬ್ಬಕ್ಕೆ ಕುಂಕುಮ ಕೊಡುತ್ತಾರೆ. ಸಂಜೆಯ ಗುಂಪು ಮಾತ್ರ ಲಿಲ್ಲಿ ಮನೆಯ ಗೇಟು ತೆರೆಯುವುದಿಲ್ಲ. ಎದುರು ಮನೆಯ ಮಲ್ಲಿಗೆ ಒಂದೇ ಮಳೆಗಾಲದಲ್ಲಿ ಚೇತರಿಸಿಕೊಂಡಿತು. ಮುಂದಿನ ಚಳಿಗಾಲ ಕಮಲಮ್ಮ ಗೆಡ್ಡೆಗಳನ್ನು ಬೇರ್ಪಡಿಸಿ ಮರಿಗಳನ್ನು ಬುಟ್ಟಿಗೆ ಹಾಕಿ ಗೇಟಿನ ಹೊರಗೆ ಇಟ್ಟರು, ಬೇಕಾದವರು ಒಯ್ಯಲಿ ಎಂದು. ಎರಡು ದಿನ ಬುಟ್ಟಿ ಹಾಗೇ ಇತ್ತು. ಮೂರನೆಯ ದಿನ ಅಂಜನಮ್ಮನ ಮನೆ ಹಿಂದಿನ ಬಾಡಿಗೆ ಮನೆಗಳ ಹುಡುಗಿಯರು, ಏನೂ ತಿಳಿಯದವರು, ಕೆಲಸಕ್ಕೆ ಹೋಗುವಾಗ ಒಂದೊಂದು ತೆಗೆದುಕೊಂಡು ಹೋದರು.

ಈ ಚೈತ್ರದಲ್ಲಿ ಒಂದು ಬೆಳಗ್ಗೆ ಕಮಲಮ್ಮ ಕುಂಡಗಳಿಗೆ ನೀರು ಹಾಕುತ್ತಿದ್ದಾಗ ಅಂಜನಮ್ಮ ತರಕಾರಿ ಚೀಲ ಹಿಡಿದು ಹೋಗುತ್ತಿದ್ದವರು ಗೇಟಿನ ಬಳಿ ನಿಂತರು. ಹೂವುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ನಿಧಾನವಾಗಿ ನೋಡಿದರು.

"ಈ ಸಲ ಚೆಂದಾಗಿ ಬಂದವೆ," ಅಂದರು.

ಕಮಲಮ್ಮ ನೀರಿನ ಚೊಂಬನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು. ಒಳಗೆ ಬರ್ರಿ ಅನ್ನಬೇಕು ಎಂದುಕೊಂಡರು. ಬಾಯಿ ತೆರೆಯುವಷ್ಟರಲ್ಲಿ ಅಂಜನಮ್ಮ ರಸ್ತೆ ದಾಟಿದ್ದರು.